ಆ ಪ್ರೈಮ್ ನಂಬರ್ ನಿಮ್ಮ ಬ್ಯಾಂಕ್ ಕಾಯ್ತಿಲ್ಲ ಸ್ವಾಮಿ

ಬಸವನಗುಡಿಯಲ್ಲಿ ಒಂದು ವಿಜ್ಞಾನ ಉಪನ್ಯಾಸ ಕೇಳಿ ಈಗಷ್ಟೇ ಬಂದೆ, ತಲೆ ಕೆಟ್ಟುಹೋಗಿದೆ. 2024ರ ಅಕ್ಟೋಬರ್‌ನಲ್ಲಿ ಸಿಕ್ಕ ದೈತ್ಯ ಪ್ರೈಮ್ ನಂಬರನ್ನ (1 ಮತ್ತು ತನ್ನಿಂದ ಮಾತ್ರ ಭಾಗವಾಗೋ ಅವಿಭಾಜ್ಯ ಸಂಖ್ಯೆ) ತೆರೆ ಮೇಲೆ ತೋರಿಸಿ "ನಿಮ್ಮ ಯುಪಿಐ ಭದ್ರವಾಗಿರೋದು ಇಂಥ ಸಂಖ್ಯೆಗಳಿಂದಲೇ" ಅಂದುಬಿಟ್ಟರು. ಸಭೆ ಚಪ್ಪಾಳೆ ಬೇರೆ ಹೊಡೀತು!

ಅಲ್ರೀ, ಪ್ರೈಮ್‌ಗಳಿಂದ ಮಾಹಿತಿಗೆ ಬೀಗ ಹಾಕೋ ಆರ್‌ಎಸ್‌ಎ ಗೂಢಲಿಪಿ ನಿಂತಿರೋದೇ ಎರಡು ಪ್ರೈಮ್‌ಗಳ ಗುಣಲಬ್ಧವನ್ನ ಬಹಿರಂಗ ಮಾಡಿ, ಆ ಎರಡನ್ನ ಮಾತ್ರ ಗುಟ್ಟಾಗಿ ಇಡೋದರ ಮೇಲೆ. 2048 ಬಿಟ್‌ನ (0, 1ರ ಅಂಕಿಗಳ) ಕೀಗೆ, ಅಂದರೆ ಬೀಗದ ಕೈಗೆ, ಸುಮಾರು 309 ಅಂಕಿಯ ಎರಡು ಪ್ರೈಮ್ ಸಾಕು. ಕಂಪ್ಯೂಟರು ಮನಸ್ಸಿಗೆ ಬಂದ ಒಂದು ಬೆಸಸಂಖ್ಯೆ ಎತ್ತಿಕೊಳ್ಳುತ್ತೆ, ಸಣ್ಣ ಪ್ರೈಮ್‌ಗಳಿಂದ ಭಾಗಿಸಿ ನೋಡುತ್ತೆ, ಪಾಸಾದರೆ ಸಂಖ್ಯೆ ಪ್ರೈಮ್ ಇರಬಹುದಾ ಅಂತ ಬೇಗ ಹೇಳೋ ಮಿಲ್ಲರ್-ರಾಬಿನ್ ಪರೀಕ್ಷೆಗೆ ಹಾಕುತ್ತೆ. ಫೇಲಾದರೆ ಇನ್ನೊಂದು. ಕಣ್ಣು ಮಿಟುಕಿಸೋದರಲ್ಲಿ ಮುಗಿಯೋ ಕೆಲಸ. ಊರಿಗೆಲ್ಲ ಗೊತ್ತಿರೋ ಪ್ರೈಮ್ ಹಾಕಿದರೆ ಕಳ್ಳ ಒಂದೇ ಭಾಗಾಕಾರದಲ್ಲಿ ಜೋಡಿಯನ್ನ ಹೊರಗೆಳೀತಾನೆ. ಮೇಲಾಗಿ ತೆರೆ ಮೇಲಿನ ಆ ಮಹಾಶಯನನ್ನ ಬರೆದಿಡೋಕೇ 17 ಎಂಬಿ ಬೇಕು. ಒಂದು ಕಾಫಿಯ ದುಡ್ಡು ಕಳಿಸೋಕೆ ಅಷ್ಟೊಂದಾ!

"ಜನಕ್ಕೆ ಆಸಕ್ತಿ ಹುಟ್ಟಲಿ ಅಂತ ಹೇಳ್ತಾರೆ, ಬಿಡಿ" ಅಂತ ಪಕ್ಕದವರು ಸಮಾಧಾನ ಮಾಡಿದರು. ಬಿಡೋದೇನು? ನಿಜ ಇಷ್ಟು ರುಚಿಯಾಗಿರುವಾಗ ಬುರುಡೆ ಯಾಕೆ?

2ರ ಘಾತ 13,62,79,841, ಅದರಿಂದ 1 ಕಳೆಯಿರಿ. ಅಷ್ಟೇ ಆ ದೈತ್ಯ ಸಂಖ್ಯೆ. 4,10,24,320 ಅಂಕಿ. ಈ ರೂಪ ಇರೋದರಿಂದಲೇ ಇದನ್ನ ಪರೀಕ್ಷಿಸೋಕೆ ಆಗೋದು. ಲೂಕಾ-ಲೆಹ್ಮರ್ ವಿಧಾನ: 4ರಿಂದ ಶುರು. ವರ್ಗ ಮಾಡಿ, 2 ಕಳೆಯಿರಿ, ಪರೀಕ್ಷಿಸೋ ಸಂಖ್ಯೆಯಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. ಘಾತಕ್ಕಿಂತ ಎರಡು ಕಡಿಮೆ ಸುತ್ತು. ಕೊನೆಗೆ ಸೊನ್ನೆ ಬಂದರೆ ಪ್ರೈಮ್, ಬರದಿದ್ದರೆ ಅಲ್ಲ.

ಘಾತ 5 ಆದರೆ ಸಂಖ್ಯೆ 31. ಮೊದಲು 14. ಆಮೇಲೆ 194, ಶೇಷ 8. ಅದರ ವರ್ಗದಲ್ಲಿ 2 ಕಳೆದರೆ 62, ಶೇಷ ಸೊನ್ನೆ. ಮೂರೇ ಸುತ್ತು. ಘಾತ 11 ಹಾಕಿ, 2047 ಬರುತ್ತೆ. ಒಂಬತ್ತು ಸುತ್ತಿನ ಕೊನೆಗೆ ಉಳಿಯೋದು 1736, ಅಂದರೆ ಪ್ರೈಮ್ ಅಲ್ಲ. ಅದು 23 × 89. ತಮಾಷೆ ಏನು ಗೊತ್ತಾ, ಆ 23, 89ರ ಸುಳಿವನ್ನೇ ಕೊಡದೆ ಪರೀಕ್ಷೆ ತೀರ್ಪು ಹೇಳಿಬಿಡುತ್ತೆ. ಈ ಲೆಕ್ಕಕ್ಕೆ ಒಂದು ಸ್ಲೈಡ್ ಸಾಕಿತ್ತು.

ಅಸಲಿ ಸಂಕಟ 13 ಕೋಟಿ ಚಿಲ್ಲರೆ ಸುತ್ತುಗಳಲ್ಲಿ. ಮೆಮೊರಿಯಲ್ಲಿ ಒಂದೇ ಒಂದು ಬಿಟ್ 0 ಇದ್ದದ್ದು 1 ಆಗಿ ತಿರುಗಿದರೂ ಅಲ್ಲಿಂದ ಮುಂದಿನದೆಲ್ಲ ಹಾಳು, ಹಾಳಾಗಿದ್ದು ಗೊತ್ತೂ ಆಗಲ್ಲ. ಅದಕ್ಕೇ ಮೊದಲು ತಪ್ಪನ್ನ ತಾನೇ ಹಿಡಿಯೋ ವ್ಯವಸ್ಥೆಯಿರೋ ಫರ್ಮಾ ಪರೀಕ್ಷೆ ಅನ್ನೋ ಇನ್ನೊಂದು ವಿಧಾನ ಬಳಸ್ತಾರೆ. ಅದು ಹೇಳೋದು "ಬಹುಶಃ ಪ್ರೈಮ್" ಅಂತ ಮಾತ್ರ. ಈ ದೈತ್ಯ ಸಂಖ್ಯೆಯ ಬಗ್ಗೆ ಡಬ್ಲಿನ್‌ನ ಒಂದು ಜಿಪಿಯು (ಗ್ರಾಫಿಕ್ಸ್ ಚಿಪ್) ಹಾಗೆ ಹೇಳಿದ ಮೇಲೆ, ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿದ್ದ ಬೇರೆ ಜಿಪಿಯು ಲೂಕಾ-ಲೆಹ್ಮರ್ ನಡೆಸಿ ಖಚಿತ ಮಾಡಿತು.

ಉಪಯೋಗ ಹೇಳದೆ ಭಾಷಣ ಮುಗಿಯಲ್ಲ ಅನ್ನೋದಾದರೆ ಅದೂ ಇದೆ. ಇಂಥ ಪ್ರೈಮ್‌ಗಳನ್ನ ಹುಡುಕೋ ತಂತ್ರಾಂಶವೇ 2016ರಲ್ಲಿ ಇಂಟೆಲ್ ಸ್ಕೈಲೇಕ್ ಚಿಪ್‌ನ ದೋಷ ಹೊರಗೆ ತಂದಿದ್ದು. ಚಿಪ್ ವಿನ್ಯಾಸ ಮಾಡೋರು ಬೀದಿಗಿಬ್ಬರು ಸಿಗೋ ಈ ಬೆಂಗಳೂರಲ್ಲಿ ಅದನ್ನ ಬಿಟ್ಟು ಯುಪಿಐ ಯಾಕೆ ಹಿಡ್ಕೊಂಡ್ರೋ!