ಚುನಾವಣೆ ನಡೆದರೆ ಸಾಕಾ?

ಫ್ಯಾಸಿಸಂ, ಅಂದರೆ ಎದುರು ಮಾತಾಡುವವರನ್ನು ಬಲದಿಂದ ಅಡಗಿಸುವ ಸರ್ವಾಧಿಕಾರದ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ ಸಾರ್. ಆದರೆ 'ಚುನಾವಣೆ ನಡೆಯುವವರೆಗೂ ಫ್ಯಾಸಿಸಂ ಭಯ ಬೇಡ' ಅಂತ ಬರೆದಿದ್ದೀರಲ್ಲ, ಅದನ್ನು ಒಪ್ಪೋದು ಕಷ್ಟ. ಇಟಲಿಯಲ್ಲಿ 1924ರಲ್ಲೂ ಚುನಾವಣೆ ನಡೆದಿತ್ತು. ಅದಕ್ಕೆ ಮೊದಲೇ ಅಲ್ಲಿನ ಪ್ರಧಾನಿ, ಫ್ಯಾಸಿಸ್ಟ್ ಪಕ್ಷದ ನಾಯಕ ಮುಸೊಲಿನಿ ಚುನಾವಣಾ ಕಾನೂನು ತಿದ್ದಿಸಿದ್ದ: ಕಾಲು ಭಾಗ ಮತ ಪಡೆದು ಮೊದಲು ಬಂದ ಪಕ್ಷಕ್ಕೆ ಮೂರನೇ ಎರಡು ಭಾಗ ಸೀಟು! ಆ ಚುನಾವಣೆಯ ಮೋಸ, ಹೊಡೆದಾಟವನ್ನು ಸಂಸತ್ತಿನಲ್ಲೇ ಎದ್ದು ನಿಂತು ಹೇಳಿದ ಮತ್ತೆಯೊಟ್ಟಿ ಎಂಬ ಸದಸ್ಯನನ್ನು ಕೆಲವೇ ದಿನಗಳಲ್ಲಿ ಫ್ಯಾಸಿಸ್ಟರು ಹೊತ್ತೊಯ್ದು ಕೊಂದರು. 1926ರ ಕೊನೆಗೆ ಬೇರೆ ಪಕ್ಷಗಳನ್ನೇ ಮುಚ್ಚಿಸಿದರು.

ನನಗೆ ಜಾಸ್ತಿ ಹೆದರಿಕೆ ಆಗೋದು ಜನ ಸುಮ್ಮನಾಗೋದನ್ನು ನೋಡಿದಾಗ. ಗೋಣಿಕೊಪ್ಪದ ಹೋಟೆಲಲ್ಲಿ ಕಾಫಿ ರೇಟು, ಆನೆ ಕಾಟ ಅಂತ ಜೋರಾಗಿ ಮಾತಾಡುವವರು ಸರ್ಕಾರದ ವಿಷಯ ಬಂದ ಕೂಡಲೇ ಪಕ್ಕದ ಟೇಬಲ್ ಕಡೆ ಒಮ್ಮೆ ನೋಡಿ ದನಿ ತಗ್ಗಿಸುತ್ತಾರೆ. ಯಾವ ಪಕ್ಷದ ಸರ್ಕಾರ ಇದ್ದರೂ ಇದು ಒಳ್ಳೆಯದಲ್ಲ ಅಲ್ವಾ? 1975ರ ತುರ್ತು ಪರಿಸ್ಥಿತಿಯಲ್ಲಿ ಪತ್ರಿಕೆಗಳಿಗೆ ಸೆನ್ಸಾರ್ ಹಾಕಿ, ವಿರೋಧ ಪಕ್ಷದವರನ್ನು ವಿಚಾರಣೆ ಇಲ್ಲದೆ ಜೈಲಿಗೆ ಹಾಕಿದ್ದರೂ 'ಆಗ ರೈಲು ಟೈಮಿಗೆ ಬರ್ತಿತ್ತು' ಅಂತ ಹೊಗಳುವವರು ನಮ್ಮಲ್ಲಿ ಈಗಲೂ ಇದ್ದಾರೆ, ಅದೂ ರೈಲೇ ಇಲ್ಲದ ಕೊಡಗಿನಲ್ಲಿ ಕೂತು!

ಇನ್ನೊಂದು ವಿಷಯ ನೀವು ಬಿಟ್ಟಿದ್ದೀರಿ. ಗಾಬರಿಯ ಹೊತ್ತಲ್ಲಿ ತರುವ ಆದೇಶಗಳು. ಜರ್ಮನಿಯಲ್ಲಿ 1933ರ ಫೆಬ್ರವರಿ 27ರಂದು ಸಂಸತ್ ಭವನಕ್ಕೆ ಬೆಂಕಿ ಬಿತ್ತು, ಮರುದಿನವೇ ಮಾತಿನ, ಪತ್ರಿಕೆಯ, ಸಭೆ ಸೇರುವ ಹಕ್ಕು ಎಲ್ಲ ರದ್ದು. ತಾತ್ಕಾಲಿಕ ಅಂತ ತಂದ ಆ ಆದೇಶ ಹಿಟ್ಲರ್ ಸಾಯುವವರೆಗೂ ಜಾರಿಯಲ್ಲಿತ್ತು.