ಗೋಡೆ ನಿಂತಿದೆ, ಕಂಪನಿ ವಾಲಿದೆ

2019ರ ಅಕ್ಟೋಬರ್. ಮಳೆ ಆಗಷ್ಟೇ ಬಿಡುವು ಕೊಟ್ಟಿತ್ತು. ನಮ್ಮ ಕಾಳುಮೆಣಸನ್ನು ಮೆಚ್ಚಿದ ದುಬೈನ ವ್ಯಾಪಾರಿಯೊಬ್ಬರು ಇಮೇಲ್ ಕಳಿಸಿದರು. ಸರಕು ಬೇಕು, ಅದಕ್ಕೂ ಮೊದಲು ಕಂಪನಿಯ ‘ಗುಡ್ ಸ್ಟ್ಯಾಂಡಿಂಗ್’ ಪ್ರಮಾಣಪತ್ರ ಬೇಕು.

ಕಂಪನಿ ಎಂದರೆ ಗಾಬರಿಯಾಗಬೇಡಿ. ಕೊಡಗಿನ ಸೋಮವಾರಪೇಟೆ ಕಡೆಯ ನಮ್ಮ ಮನೆಯ ಮುಂದಿನ ಕೋಣೆ, ಒಂದು ತಕ್ಕಡಿ, ನಾನು, ನನ್ನ ಭಾವಮೈದ. ಇಬ್ಬರೂ ನಿರ್ದೇಶಕರು, ನಮ್ಮ ನಿರ್ದೇಶನ ಕೇಳುವವರು ಮಾತ್ರ ಯಾರೂ ಇಲ್ಲ. 2016ರಲ್ಲಿ ‘ಪ್ರೈವೇಟ್ ಲಿಮಿಟೆಡ್’ ಎಂಬ ಬಾಲ ಅಂಟಿಸಿಕೊಂಡೆವು. ವಿಸಿಟಿಂಗ್ ಕಾರ್ಡಿನಲ್ಲಿ ಚೆನ್ನಾಗಿ ಕಾಣುತ್ತದೆ ಎಂಬುದಕ್ಕಿಂತ ಘನವಾದ ಕಾರಣ ಇದ್ದ ನೆನಪಿಲ್ಲ.

ಇಮೇಲ್ ಓದಿದ ಭಾವಮೈದ ಅಂಗಳಕ್ಕಿಳಿದು, ಮನೆಯ ಫೋಟೊ ತೆಗೆದು, ದುಬೈಗೆ ಕಳಿಸಿಯೇಬಿಟ್ಟ.

“ಗಟ್ಟಿಯಾಗಿ ನಿಂತಿದೆಯೇ ಎಂದು ತಾನೇ ಭಾವ ಅವರು ಕೇಳಿರುವುದು? ಪಾಪ, ಟಿವಿಯಲ್ಲಿ ನೋಡಿರಬೇಕು.”

ಅವನನ್ನು ದೂರುವಂತಿರಲಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡಗಳೇ ಜರಿದ ಮೇಲೆ, ಹೊರಗಿನ ನೆಂಟರು ಮಳೆಗಾಲದಲ್ಲಿ ಫೋನ್ ಮಾಡಿದರೆ ಕೇಳುವ ಮೊದಲ ಪ್ರಶ್ನೆಯೇ ಅದು. ಆದರೂ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಹೆಂಡತಿಯನ್ನು ಕರೆದು ಅವಳ ತಮ್ಮನ ಜಾಣತನ ವರ್ಣಿಸಿ ಇನ್ನೊಮ್ಮೆ ನಕ್ಕೆ. ಅದೇ ನಗುವಿನಲ್ಲಿ ಮೈಸೂರಿನ ನಮ್ಮ ಲೆಕ್ಕಪರಿಶೋಧಕರಿಗೆ ಫೋನ್ ಮಾಡಿದೆ.

ಅವರು ನಗಲಿಲ್ಲ. ಕಂಪನಿ ನೋಂದಣಿಯಾಗಿದೆ, ವರ್ಷ ವರ್ಷದ ಲೆಕ್ಕ ಒಪ್ಪಿಸಿದೆ, ಕಾನೂನಿನ ಕೆಲಸ ಬಾಕಿ ಉಳಿಸಿಕೊಂಡಿಲ್ಲ ಎಂಬುದಕ್ಕೆ ಆ ಪತ್ರ ಎಂದು ವಿವರಿಸುತ್ತಲೇ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣ ತೆರೆದರು. ನಮ್ಮ ಹೆಸರಿನ ಮುಂದೆ ‘ಆಕ್ಟಿವ್ ನಾನ್-ಕಂಪ್ಲಯಂಟ್’ ಎಂದಿತ್ತು. ಉಸಿರಾಡುತ್ತಿದೆ, ಹೇಳಿದ ಮಾತು ಕೇಳುತ್ತಿಲ್ಲ ಎಂದರ್ಥ. ನಮ್ಮಂತಹ ಹಳೆಯ ಕಂಪನಿಗಳು, ಕಚೇರಿ ಎಲ್ಲಿದೆ ಎಂದು ತೋರಿಸುವ ಐಎನ್‌ಸಿ-22ಎ ಎಂಬ ನಮೂನೆ ಸಲ್ಲಿಸಬೇಕಿತ್ತಂತೆ. ಗಡುವು ಜೂನ್ 15ಕ್ಕೇ ಮುಗಿದಿತ್ತು. ಈಗ ಸಲ್ಲಿಸಿದರೆ 10,000 ರೂಪಾಯಿ.

“ಜೊತೆಗೆ ಫೋಟೊ ಬೇಕು,” ಎಂದರು. “ಕಚೇರಿ ಇರುವ ಕಟ್ಟಡದ್ದು. ಹೊರಗಿನಿಂದ ಒಂದು, ಒಳಗೆ ನಿರ್ದೇಶಕರು ಕಾಣುವಂತೆ ಒಂದು.”

ಫೋನನ್ನು ಸ್ಪೀಕರಿಗೆ ಹಾಕಬಾರದಿತ್ತು. ಭಾವಮೈದ ಆಗಲೇ ಅಂಗಿಯ ತುದಿಯಿಂದ ಮೊಬೈಲ್ ಒರೆಸುತ್ತಿದ್ದ.

ಹೊರಗಿನ ಫೋಟೊಕ್ಕೆ ನಾಮಫಲಕವೇ ಅಡ್ಡಿಯಾಯಿತು. ಆ ವರ್ಷದ ಪಾಚಿ ‘ಲಿಮಿಟೆಡ್’ ಅನ್ನು ಪೂರ್ತಿ ನುಂಗಿ ‘ಪ್ರೈವೇಟ್’ಗೆ ಬಾಯಿ ಹಾಕಿತ್ತು. ತೆಂಗಿನ ನಾರು ಹಿಡಿದು ಉಜ್ಜಿದೆ. ಪಾಚಿಯ ಜೊತೆ ಬಣ್ಣವೂ ಎದ್ದು ಬಂತು. ಒಳಗೆ ಮೆಣಸಿನ ಮೂಟೆಗಳ ನಡುವೆ ಕುರ್ಚಿ ಹಾಕಿ ಗಂಭೀರವಾಗಿ ಕುಳಿತೆ. ಕ್ಲಿಕ್ಕಿಸುವ ಹೊತ್ತಿಗೆ ನಾಯಿ ಬಂದು ಎದುರಿಗೇ ಕುಳಿತಿತು. ಫೋಟೊದಲ್ಲಿ ಅದೇ ಹೆಚ್ಚು ಜವಾಬ್ದಾರಿಯುತವಾಗಿ ಕಾಣುತ್ತಿತ್ತು.

ನಮೂನೆಯಲ್ಲಿ ಕಚೇರಿಯ ಅಕ್ಷಾಂಶ, ರೇಖಾಂಶವನ್ನೂ ಕೇಳಿದ್ದರು. ಅದನ್ನು ಮೊಬೈಲೇ ಹೇಳಿತು. ಕಷ್ಟವಾದದ್ದು ಇಮೇಲಿಗೆ ಬರುವ ಓಟಿಪಿ. ನಮ್ಮಲ್ಲಿ ನೆಟ್‌ವರ್ಕ್ ಮನೆಯೊಳಗೆ ಕಾಲಿಡುವುದಿಲ್ಲ, ಗೇಟಿನ ಪಕ್ಕದ ಸಿಲ್ವರ್ ಮರದ ಬುಡದವರೆಗೆ ಬಂದು ನಿಲ್ಲುತ್ತದೆ. ಭಾವಮೈದ ಅಲ್ಲಿ ನಿಂತು ಒಂದೊಂದೇ ಅಂಕಿ ಕೂಗಿದ, ನಾನು ಜಗುಲಿಯಿಂದ ಇನ್ನೊಂದು ಕೂಗು ಹಾಕಿ ಹೆಂಡತಿಗೆ ದಾಟಿಸಿದೆ, ಅವಳು ಲ್ಯಾಂಡ್‌ಲೈನಿನಲ್ಲಿ ಮೈಸೂರಿಗೆ ತಲುಪಿಸಿದಳು. ಮೂರನೆಯ ಸಲಕ್ಕೆ ಸರಿಹೋಯಿತು.

ಕಂಪನಿ ‘ಕಂಪ್ಲಯಂಟ್’ ಆದ ಸಂಜೆಯೇ ದುಬೈನಿಂದ, ಭಾವಮೈದನ ಮೊದಲ ಫೋಟೊಕ್ಕೆ ಉತ್ತರ ಬಂತು. ಮನೆ ಬಹಳ ಚೆನ್ನಾಗಿದೆ, ಡಿಸೆಂಬರಿನಲ್ಲಿ ನಾಲ್ಕು ಜನರಿಗೆ ಎರಡು ರಾತ್ರಿ ಉಳಿಯಲು ಎಷ್ಟಾಗುತ್ತದೆ ಎಂದು ಕೇಳಿದ್ದರು.