ಡಾಗ್ ಟ್ರೈನರ್ ಆಗಬೇಕು ಅನ್ನುವವರಿಗೆ

ಡಾಗ್ ಟ್ರೈನರ್ ಆಗಬೇಕು, ಯಾವ ಕೋರ್ಸ್ ಸೇರಲಿ ಅಂತ ಕೇಳುವವರಿಗೆಲ್ಲ ನಾನು ಹೇಳುವುದು ಒಂದೇ. ಸರ್ಟಿಫಿಕೇಟ್ ವಿಷಯ ಆಮೇಲೆ ನೋಡೋಣ. ನೀವು ನಾಯಿ ಜೊತೆ ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು, ನಿಮ್ಮ ಕೈ ನೋಡಿ ತಿದ್ದುವವರು ಅಲ್ಲಿ ಇದ್ದಾರಾ? ಮೊದಲು ಅದನ್ನು ಕೇಳಿ.

ಹೆಚ್ಚಿನ ದೇಶಗಳಲ್ಲಿ ಈ ಕೆಲಸಕ್ಕೆ ಲೈಸೆನ್ಸ್ ಬೇಕಿಲ್ಲ. ಯಾರು ಬೇಕಾದರೂ ಟ್ರೈನರ್ ಅಂತ ಬೋರ್ಡ್ ಹಾಕಿಕೊಳ್ಳಬಹುದು, ಕೋರ್ಸ್ ಕೂಡ ಶುರು ಮಾಡಬಹುದು. ಹಾಗಾಗಿ ಗೋಡೆಗೆ ನೇತುಹಾಕುವ ಕಾಗದಕ್ಕೆ ಎಷ್ಟು ಬೆಲೆ ಅನ್ನೋದು ಅದನ್ನು ಕೊಟ್ಟವರ ಮೇಲೆ ನಿಂತಿದೆ. ಡಾಗ್ ಟ್ರೈನರ್‌ಗಳಿಗೆ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುವ ಅಮೆರಿಕದ ಸಿಸಿಪಿಡಿಟಿ ಸಂಸ್ಥೆಯ ಸಿಪಿಡಿಟಿ-ಕೆಎ ಅನ್ನುವ ಪರೀಕ್ಷೆಗೆ ಕೂರಬೇಕಾದರೆ ಹಿಂದಿನ 3 ವರ್ಷಗಳಲ್ಲಿ ಕನಿಷ್ಠ 300 ಗಂಟೆ ತರಬೇತಿ ಕೆಲಸ ಮಾಡಿರಬೇಕು. ಮೊದಲು ಕೆಲಸ, ಆಮೇಲೆ ಪರೀಕ್ಷೆ. ಈ ಕ್ರಮ ನನಗೆ ತುಂಬಾ ಸರಿ ಅನಿಸುತ್ತದೆ.

ಕೈ ನೋಡಬೇಕು ಅಂದೆನಲ್ಲ, ಅದು ಯಾಕೆ ಅಂತ ಹೇಳುತ್ತೇನೆ. ಹೊಸಬರು ನಾಯಿಗೆ 'ಸಿಟ್' ಕಲಿಸುವುದನ್ನು ಹತ್ತಿರದಿಂದ ಗಮನಿಸಿ. ನಾಯಿ ಪೂರ್ತಿ ಕೂರುವ ಮೊದಲೇ ಅವರ ಕೈ ಟ್ರೀಟ್ ಚೀಲಕ್ಕೆ ಹೋಗಿರುತ್ತದೆ. ನಾಯಿ ಆ ಕೈಯನ್ನೇ ನೋಡುತ್ತಾ ಎದ್ದು ನಿಲ್ಲುತ್ತದೆ. ಅಷ್ಟರಲ್ಲಿ ಇವರು ಕ್ಲಿಕ್ಕರ್ (ಸರಿ ಮಾಡಿದೆ ಅಂತ ನಾಯಿಗೆ ತಿಳಿಸಲು ಟಕ್ ಅಂತ ಸದ್ದು ಮಾಡುವ ಪುಟ್ಟ ಸಾಧನ) ಒತ್ತಿ ಕ್ಲಿಕ್ ಮಾಡಿ ತಿಂಡಿ ಕೊಡುತ್ತಾರೆ. ನಾಯಿ ಕಲಿತದ್ದು ಏನು? ಎದ್ದು ನಿಂತರೆ ತಿಂಡಿ ಸಿಗುತ್ತದೆ ಅಂತ. ಇದೆಲ್ಲ ಆಗುವುದು ಒಂದು ಸೆಕೆಂಡಿನೊಳಗೆ, ಮಾಡುತ್ತಿರುವವರಿಗೆ ಗೊತ್ತೇ ಆಗುವುದಿಲ್ಲ. ಒಳ್ಳೆಯ ಕೋರ್ಸ್‌ಗಳಲ್ಲಿ ಇದಕ್ಕೆ ನಾಯಿ ಇಲ್ಲದೆಯೇ ಅಭ್ಯಾಸ ಮಾಡಿಸುತ್ತಾರೆ. ಒಬ್ಬರು ಚೆಂಡು ಬಿಡುತ್ತಾರೆ, ಅದು ನೆಲಕ್ಕೆ ತಾಗಿದ ಕ್ಷಣಕ್ಕೇ ನೀವು ಕ್ಲಿಕ್ ಮಾಡಬೇಕು. ಕೆಲವು ಕಡೆ ಕೋಳಿಗಳಿಗೆ ತರಬೇತಿ ಕೊಡಿಸುತ್ತಾರೆ. ಕೋಳಿ ಸರಕ್ಕನೆ ಚಲಿಸುತ್ತದೆ, ನಾಯಿಯ ಹಾಗೆ ನಿಮ್ಮ ಮುಖ ನೋಡಿ ಕಾಯುವುದಿಲ್ಲ. ಅದರ ಜೊತೆ ಪಳಗಿದ ಕೈ ನಾಯಿಯ ಹತ್ತಿರ ತಡ ಮಾಡುವುದು ಕಡಿಮೆ.

ಆನ್‌ಲೈನ್ ಕೋರ್ಸ್ ಬೇಡ ಅನ್ನುತ್ತಿಲ್ಲ. ಪಾಠದ ಭಾಗಕ್ಕೆ ಅದು ಸಾಕು. ಆದರೆ ನೀವು ಮಾಡಿದ ಕೆಲಸದ ವೀಡಿಯೊ ತರಿಸಿಕೊಂಡು, ನೋಡಿ, ಎಲ್ಲಿ ತಪ್ಪಿತು ಅಂತ ಹೇಳುವವರು ಬೇಕು.

ಎರಡನೆಯ ಪ್ರಶ್ನೆ: ನಾಯಿ ಹೇಳಿದ ಹಾಗೆ ಮಾಡದಿದ್ದರೆ ಇಲ್ಲಿ ಏನು ಮಾಡುತ್ತೀರಿ? ಉತ್ತರ ನೇರವಾಗಿ ಬರಬೇಕು. 'ಬ್ಯಾಲೆನ್ಸ್ ಮಾಡ್ತೀವಿ', 'ಲೀಡರ್ ಯಾರು ಅಂತ ತೋರಿಸ್ತೀವಿ' ಅಂದರೆ ಬಿಡಿಸಿ ಕೇಳಿ. ಕುತ್ತಿಗೆ ಜಗ್ಗುವುದಾ, ಕರೆಂಟ್ ಹೊಡೆಸುವ ಶಾಕ್ ಕಾಲರ್ ಹಾಕುವುದಾ? ವೇಲ್ಸ್ 2010ರಲ್ಲೇ ಶಾಕ್ ಕಾಲರ್ ನಿಷೇಧಿಸಿತು. ಇನ್ನು 'ಆಲ್ಫಾ' ಮಾತಿಗೆ ಬರೋಣ, ಅಂದರೆ ತೋಳದ ಗುಂಪಿನಲ್ಲಿ ಬಲ ತೋರಿಸಿ ಆಳುವ ಲೀಡರ್ ಇರುತ್ತಾನೆ, ನಾಯಿಗೆ ನೀವು ಹಾಗೆ ಆಗಬೇಕು ಅನ್ನುವ ಮಾತು. ಅದು ಹೆಚ್ಚಾಗಿ ಬಂದದ್ದು ಕೂಡಿಹಾಕಿದ ತೋಳಗಳ ಮೇಲೆ 1947ರಲ್ಲಿ ಪ್ರಕಟವಾದ ಅಧ್ಯಯನದಿಂದ. ಅದನ್ನು ಜನಪ್ರಿಯ ಮಾಡಿದವರಲ್ಲಿ ಒಬ್ಬರಾದ ತೋಳಗಳ ಸಂಶೋಧಕ ಡೇವಿಡ್ ಮೀಚ್ ಅವರೇ 1999ರಲ್ಲಿ ಬರೆದರು: ಕಾಡಿನ ತೋಳದ ಗುಂಪು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮರಿಗಳ ಸಂಸಾರ ಅಂತ. ಇಷ್ಟು ವರ್ಷ ಆದಮೇಲೂ ಅದೇ ಹಳೇ ಪಾಠ ಹೇಳಿಕೊಡುವ ಕಡೆ ದುಡ್ಡು ಕಟ್ಟಬೇಡಿ.

ಬೆದರಿಸಿ ಕಲಿಸುವುದರಲ್ಲಿ ನನಗೆ ತುಂಬಾ ಭಯ ಹುಟ್ಟಿಸುವುದು ಇನ್ನೊಂದು ವಿಷಯ. ಹೆದರಿದ ನಾಯಿ ಮೊದಲು ಮುಖ ತಿರುಗಿಸುತ್ತದೆ, ಮೂತಿ ನೆಕ್ಕಿಕೊಳ್ಳುತ್ತದೆ, ಸುಮ್ನೆ ಆಕಳಿಸುತ್ತದೆ. ಯಾರೂ ಗಮನಿಸದಿದ್ದರೆ ಗುರುಗುಟ್ಟುತ್ತದೆ. ಅದಕ್ಕೂ ಏಟು ಬಿದ್ದರೆ ಗುರುಗುಟ್ಟುವುದು ನಿಲ್ಲಬಹುದು, ಒಳಗಿನ ಹೆದರಿಕೆ ಹೋಗುವುದಿಲ್ಲ. ಮುಂದಿನ ಸಲ ಸೂಚನೆಯೇ ಕೊಡದೆ ಕಚ್ಚಬಹುದು. ಆ ಮನೆಯಲ್ಲಿ ಮಕ್ಕಳಿದ್ದರೆ? ಈ ಸಣ್ಣ ಸೂಚನೆಗಳನ್ನು ಓದಲು ಕಲಿಸದ ಕೋರ್ಸ್ ನನ್ನ ಲೆಕ್ಕದಲ್ಲಿ ಕೋರ್ಸೇ ಅಲ್ಲ.

ಇನ್ನೊಂದು ಮಾತು. ನಾಯಿ ಟ್ರೈನರ್ ಕೆಲಸದಲ್ಲಿ ಪಾಠ ಕೇಳುವವರು ಹೆಚ್ಚಾಗಿ ಮನುಷ್ಯರು. ಸುಸ್ತಾಗಿ ಮನೆಗೆ ಬಂದ ಮಾಲೀಕರಿಗೆ, ಬೇಸರ ಆಗದ ಹಾಗೆ, ದಿನಾ ಐದು ನಿಮಿಷ ಮಾಡುವಂಥದ್ದನ್ನು ಹೇಳಿಕೊಡಬೇಕು. ನಾಯಿ ಇದ್ದಕ್ಕಿದ್ದ ಹಾಗೆ ಮೈ ಮುಟ್ಟಿಸಿಕೊಳ್ಳದೆ ಸಿಡುಕಿದರೆ ನೋವಿರಬಹುದು, ಮೊದಲು ಪಶುವೈದ್ಯರಿಗೆ ತೋರಿಸಿ ಅನ್ನುವಷ್ಟು ತಿಳಿವಳಿಕೆಯೂ ಬೇಕು.

ಫೀಸ್ ಕಟ್ಟುವ ಮೊದಲು ಒಂದು ಕ್ಲಾಸ್ ಕೂತು ನೋಡುತ್ತೇನೆ ಅಂತ ಕೇಳಿ. ಅಲ್ಲಿನ ನಾಯಿಗಳು ಕಲಿಸುವವರ ಹತ್ತಿರ ತಾವಾಗಿಯೇ ಬರುತ್ತವಾ, ಬಾಲ ಮುದುರಿಕೊಂಡು ನಿಲ್ಲುತ್ತವಾ ಗಮನಿಸಿ. ನೋಡಲು ಬಿಡುವುದಿಲ್ಲ ಅಂದರೆ ಬೇರೆ ಕೋರ್ಸ್ ಹುಡುಕಿ.